ಪಚ್ಚೆ ಬುದ್ಧನೂ ಬ್ಯಾಂಕಾಕಿನ ಬೀಗರೂ

ಲಾವೋಸಿನ ರಾಜಧಾನಿ ವಿಯೆಂಟಿಯಾನಿನ ಯಾವ ಗುಡಿಯ ಮುಂದೆ ನಿಂತರೂ ಬೂನ್‌ಥಾವಿ ಅಣ್ಣನ ಕಥೆ ಮುಗಿಯುತ್ತಿದ್ದುದು ಒಂದೇ ವಾಕ್ಯದಲ್ಲಿ: "ಆಮೇಲೆ ಸಿಯಾಮಿನವರು ಬಂದರು." ನದಿಯಾಚೆಯವರು ತಮ್ಮ ದೇಶಕ್ಕೆ ಥಾಯ್ಲೆಂಡ್ ಎಂದು ಹೆಸರಿಟ್ಟುಕೊಂಡು ಎಷ್ಟೋ ಕಾಲವಾಯಿತು; ಅಣ್ಣನ ಬಾಯಲ್ಲಿ ಮಾತ್ರ ಅವರಿನ್ನೂ ಸಿಯಾಮಿನವರೇ. ಚಿನ್ನದ ಸ್ತೂಪ ಯಾಕೆ ಪಾಳುಬಿತ್ತು? ಸಿಯಾಮಿನವರು ಬಂದರು. ಊರೆಲ್ಲ ಯಾಕೆ ಸುಟ್ಟಿತು? ಸಿಯಾಮಿನವರು ಬಂದರು. ಒಮ್ಮೆ ಹೋಟೆಲಿನಲ್ಲಿ ಸಾರು ಖಾಲಿಯಾಗಿದೆ ಎಂದಾಗಲೂ ಅವನು ಅದನ್ನೇ ಹೇಳಿದ್ದ. ಅವತ್ತು ನಿಜಕ್ಕೂ ಎರಡು ಬಸ್ಸು ಥಾಯ್ ಪ್ರವಾಸಿಗರು ನಮಗಿಂತ ಮೊದಲು ಬಂದು ಉಂಡು ಹೋಗಿದ್ದರು.

ಅವನು ಮೂವತ್ತೊಂದು ವರ್ಷದಿಂದ ಈ ಊರಿನ ಗೈಡು. ನಾನು ಪಕ್ಕದ ಮನೆಯವನು, ಹನ್ನೆರಡು ವರ್ಷದಿಂದ ಅವನ ಜೊತೆಗಾರ: ವ್ಯಾನು ನನ್ನದು, ಬಾಯಿ ಅವನದು. ಎರಡಕ್ಕೂ ಬ್ರೇಕು ಅಷ್ಟಕ್ಕಷ್ಟೆ.

ಅವನ ಕಥೆಯ ಶಿಖರ ಪಚ್ಚೆ ಬುದ್ಧನ ಗುಡಿ. ಅಲ್ಲಿ ಪಚ್ಚೆ ಬುದ್ಧನಿಲ್ಲ. ಸುಮಾರು ಇನ್ನೂರೈವತ್ತು ವರ್ಷದ ಹಿಂದೆ ಸಿಯಾಮಿನವರು ಬಂದು ಒಯ್ದರು. ಈಗ ಬ್ಯಾಂಕಾಕಿನ ಅರಮನೆಯ ಗುಡಿಯಲ್ಲಿದ್ದಾನೆ. ಇಲ್ಲಿರುವುದು ಖಾಲಿ ಪೀಠ. ಇರುವ ದೇವರನ್ನು ಯಾರು ಬೇಕಾದರೂ ತೋರಿಸಿಯಾರು, ಇಲ್ಲದ ದೇವರನ್ನು ಅರ್ಧ ಗಂಟೆ ತೋರಿಸುವುದು ಬೂನ್‌ಥಾವಿ ಅಣ್ಣನಿಗೇ ಸಾಧ್ಯ. ಪೀಠಕ್ಕಿಂತ ಪೀಠಿಕೆ ದೊಡ್ಡದು. ಫ್ರೆಂಚರು ಬರೆದುಕೊಳ್ಳುತ್ತಿದ್ದರು, ಜಪಾನಿನವರು ತಲೆಬಾಗುತ್ತಿದ್ದರು, ಒಬ್ಬ ಆಸ್ಟ್ರೇಲಿಯಾದ ಅಜ್ಜಿ ಅತ್ತೇ ಬಿಟ್ಟಿದ್ದಳು. ಬ್ಯಾಂಕಾಕಿಗೆ ಒಂದು ರಾತ್ರಿಯ ರೈಲು ಸಾಕು. ಆದರೂ ಅಣ್ಣ ಇಷ್ಟು ವರ್ಷ ಅಲ್ಲಿಗೆ ಕಾಲಿಟ್ಟಿರಲಿಲ್ಲ. ನಮ್ಮ ದೇವರನ್ನು ನೋಡಲು ನಾವು ಟಿಕೆಟ್ಟು ಕೊಳ್ಳಬೇಕೇ ಎಂಬುದು ಅವನ ಪ್ರಶ್ನೆ. ಇತ್ತ ಅವನ ಹೆಂಡತಿ ಚಂಥಾ ಅಕ್ಕ ದಿನಾ ಸಂಜೆ ಬ್ಯಾಂಕಾಕಿನ ಧಾರಾವಾಹಿ ನೋಡುತ್ತಿದ್ದಳು. ಅಣ್ಣ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ನಾಯಕಿಗೆ ಹೊಡೆತ ಬಿದ್ದಾಗ ಮಾತ್ರ ಯಾರು ಹೊಡೆದದ್ದು ಎಂದು ಕೇಳುತ್ತಿದ್ದ.

ಇಂಥವನ ಒಬ್ಬಳೇ ಮಗಳು ವಿಲಯ್ ಮನಸ್ಸು ಕೊಟ್ಟದ್ದು ಬ್ಯಾಂಕಾಕಿನ ಹುಡುಗನಿಗೆ.

ವಿಲಯ್ ರೇಷ್ಮೆ ನೇಯುವವಳು. ಕಂಬಗಳ ಮೇಲೆ ನಿಂತ ಮನೆಯ ಕೆಳಗಿನ ನೆರಳಿನಲ್ಲಿ ಅವಳ ಮೂರು ಮಗ್ಗಗಳಿವೆ. ಹುಡುಗ ಪ್ರವಿತ್ ಹೋಟೆಲುಗಳ ಕಾಫಿ ಯಂತ್ರ ರಿಪೇರಿ ಮಾಡುವವನು, ತಿಂಗಳಿಗೊಮ್ಮೆ ನಮ್ಮೂರಿಗೆ ಬರುತ್ತಿದ್ದ. ಕಳೆದ ವರ್ಷ ವಾರಕ್ಕೊಮ್ಮೆ ಬರತೊಡಗಿದ. ವಿಯೆಂಟಿಯಾನಿನ ಕಾಫಿ ಯಂತ್ರಗಳು ಆ ವರ್ಷ ಕೆಟ್ಟಷ್ಟು ಎಂದೂ ಕೆಟ್ಟಿರಲಿಲ್ಲ. ಕೆಟ್ಟದ್ದು ಯಂತ್ರವಲ್ಲ ಎಂದು ಮೊದಲು ಕಂಡುಕೊಂಡವಳು ಚಂಥಾ ಅಕ್ಕ. ಕೊನೆಗೆ ಕಂಡುಕೊಂಡವನು ಅಣ್ಣ. ಹುಡುಗನ ಬಗ್ಗೆ ಅವನದೇನೂ ತಕರಾರಿರಲಿಲ್ಲ. ಸಿಯಾಮಿನವನಾದರೂ ಅಂಟನ್ನವನ್ನು ನಮ್ಮ ಹಾಗೆ ಬೆರಳಿನಲ್ಲೇ ಉಂಡೆ ಮಾಡಿ ತಿನ್ನುತ್ತಾನೆ ಎಂದು ನನ್ನ ಬಳಿ ಗುಟ್ಟಾಗಿ ಹೊಗಳಿದ್ದ. ತಕರಾರು ಇನ್ನೊಂದಿತ್ತು. ನಮ್ಮಲ್ಲಿ ಮದುವೆಯಾದ ಮೇಲೆ ಗಂಡು ಹೆಣ್ಣಿನ ಮನೆಗೆ ಬರುತ್ತಾನೆ. ಹೊಸಿಲ ಹೊರಗೆ ಕಲ್ಲಿನ ಮೇಲೆ ಬಾಳೆಎಲೆ ಹಾಸಿ, ಅದರ ಮೇಲೆ ಅವನನ್ನು ನಿಲ್ಲಿಸಿ, ಕಾಲು ತೊಳೆದು ಒಳಗೆ ಕರೆದುಕೊಳ್ಳುವುದು ಪದ್ಧತಿ. ಹುಡುಗನ ತಾಯಿಯಾದರೋ, ತನಗೆ ಇರುವವನು ಒಬ್ಬನೇ ಮಗ, ಬ್ಯಾಂಕಾಕಿನಲ್ಲಿ ಮನೆ ಸಿದ್ಧವಿದೆ, ಸೊಸೆ ಅಲ್ಲಿಗೇ ಬರಲಿ ಎಂದು ಫೋನಿನಲ್ಲಿ ಹೇಳಿದ್ದರು. ಅದನ್ನು ಮಾತಾಡಿ ತೀರ್ಮಾನಿಸಲು ಒಂದು ಭಾನುವಾರ ಅವರೇ ಬರುವುದೆಂದಾಯಿತು. ಬೆಳಿಗ್ಗೆ ಊರು ನೋಡುವುದು, ಮಧ್ಯಾಹ್ನ ಊಟ, ಊಟದ ಮೇಲೆ ಮಾತುಕತೆ. ಊರು ತೋರಿಸಲು ಬೂನ್‌ಥಾವಿಯ ಮನೆಯವರು ಬೇರೆ ಗೈಡನ್ನು ಹುಡುಕಲಾದೀತೇ?

ಹಿಂದಿನ ಸಂಜೆ ವಿಲಯ್ ಅಪ್ಪನನ್ನು ಮಗ್ಗದ ಪಕ್ಕ ಕೂರಿಸಿಕೊಂಡಳು. ನಾನು ಬೇಲಿಯ ಈಚೆ ವ್ಯಾನು ತೊಳೆಯುತ್ತಿದ್ದೆ.

"ಅಪ್ಪ, ನಾಳೆ ಸಿಯಾಮಿನವರು ಬರ್ಬಾರ್ದು."

"ಅವರೇ ತಾನೇ ಬರ್ತಿರೋದು?"

"ನಿನ್ನ ಕಥೇಲಿ ಬರ್ಬಾರ್ದು. ಸುಟ್ರು, ಒಡೆದ್ರು, ಒಯ್ದ್ರು, ಒಂದೂ ಬೇಡ. ಊಟ ಆಗಿ ಮಾತು ಮುಗಿಯೋ ತನಕ."

ಅವರನ್ನು ಬಿಟ್ಟರೆ ನನ್ನ ಕಥೆಯಲ್ಲಿ ಉಳಿಯುವುದೇನು ಎಂದು ಅಣ್ಣ ಕೇಳಿದ. ಟಿಕೆಟ್ಟಿನ ದರ ಉಳಿಯುತ್ತದೆ, ಅದನ್ನು ಹೇಳು ಎಂದಳು ಮಗಳು. ಆಮೇಲೆ ದನಿ ಇಳಿಸಿ, ಇಲ್ಲೇ ಇರಬೇಕೆಂಬ ಆಸೆ ತನಗೂ ಇದೆ, ಆದರೆ ಹಟ ಮಾಡಿ ಪ್ರವಿತ್‌ನನ್ನು ಕಳೆದುಕೊಳ್ಳಲಾರೆ ಎಂದಳು. ಅಣ್ಣ ಒಪ್ಪಿದ. ಬೀಗರು ಬರುವ ಮೊದಲೇ ಅವನ ಬಾಯಿಗೆ ಬೀಗ ಬಿತ್ತು.

ಹುಡುಗನ ತಾಯಿ ರವಿವಾನ್ ಅಮ್ಮ ನಿವೃತ್ತ ಮುಖ್ಯೋಪಾಧ್ಯಾಯಿನಿ. ತೆಳ್ಳಗೆ, ನೆಟ್ಟಗೆ, ಕೊಡೆಯಂತಿದ್ದರು. ಕೈಯಲ್ಲೂ ಒಂದು ಕೊಡೆ. ಮೂವತ್ತು ವರ್ಷ ಮಕ್ಕಳ ಮುಖ ನೋಡಿ ಯಾರು ಮನೆಪಾಠ ಮಾಡಿಲ್ಲ ಎಂದು ಹೇಳುತ್ತಿದ್ದವರು. ಮಗನ ಜೊತೆ ವ್ಯಾನು ಹತ್ತಿದ ಕೂಡಲೇ ಅಣ್ಣನ ಮುಖವನ್ನು ಹಾಗೆ ಒಮ್ಮೆ ನೋಡಿದರು.

ಮೊದಲು ಚಿನ್ನದ ಸ್ತೂಪ. ಎತ್ತರ ಇಷ್ಟು, ಕಟ್ಟಿಸಿದ ರಾಜ ಇಂಥವನು ಎಂದು ಅಣ್ಣ ಚೆನ್ನಾಗಿಯೇ ಹೊರಟ. ನಡುವೆ ಪಾಳುಬಿದ್ದಿತ್ತು, ಮತ್ತೆ ಕಟ್ಟಿದರು ಎನ್ನುವಲ್ಲಿ ರವಿವಾನ್ ಅಮ್ಮ ಯಾಕೆ ಪಾಳುಬಿತ್ತು ಎಂದು ಕೇಳಿದರು. ಜೊತೆಗೇ ಬಂದಿದ್ದ ವಿಲಯ್ ಕೆಮ್ಮಿದಳು.

"ಸಿಡಿಲು," ಎಂದ ಅಣ್ಣ.

ಸಿಡಿಲು ಹೊಡೆದದ್ದೂ ನಿಜವೇ. ಅದಕ್ಕೆ ಎಷ್ಟೋ ವರ್ಷ ಮುಂಚೆ ಹೊಡೆದವರನ್ನು ಮಾತ್ರ ಅವನು ಬಿಟ್ಟಿದ್ದ. ಅಮ್ಮ ತಲೆಯಾಡಿಸಿ ಕೊಡೆ ಬಿಚ್ಚಿದರು.

ಪಟೂಸಾಯ್ ಹೆಬ್ಬಾಗಿಲಿನಲ್ಲಿ ಅಣ್ಣನಿಗೆ ಉಸಿರು ಬಂತು. ಅದನ್ನು ಕಟ್ಟಿದ್ದು ಮೊನ್ನೆ ಮೊನ್ನೆ, ಅಮೆರಿಕದವರು ವಿಮಾನದ ಓಡುದಾರಿಗೆಂದು ಕೊಟ್ಟ ಸಿಮೆಂಟಿನಲ್ಲಿ ಎಂದು ಊರಲ್ಲಿ ಮಾತು. ಓಡುದಾರಿ ಮಲಗುವ ಬದಲು ಎದ್ದು ನಿಂತಿದೆ, ವಿಮಾನಗಳು ಮಾತ್ರ ಇದರ ಮೇಲೆ ಇಳಿಯಲು ಒಪ್ಪುತ್ತಿಲ್ಲ ಎಂದು ಅವನು ಹೇಳಿದಾಗ ಅಮ್ಮ ನಕ್ಕರು. ಅಣ್ಣ ಉಬ್ಬಿಹೋದ. ಅಲ್ಲೇ ಮುಕ್ಕಾಲು ಗಂಟೆ ನಿಲ್ಲಿಸಿಕೊಂಡ. ನಮ್ಮೂರಲ್ಲಿ ಸಿಯಾಮಿನವರು ಸುಡದೆ ಬಿಟ್ಟ ದೊಡ್ಡ ಕಟ್ಟಡ ಅದು; ಅವರು ಬಂದಾಗ ಅದು ಇರಲಿಲ್ಲ.

ನದಿಯ ದಂಡೆಯಲ್ಲಿ ಕಷ್ಟವಾಯಿತು. ಅಲ್ಲಿ ನಮ್ಮ ಅನುವೊಂಗ್ ರಾಜನ ದೊಡ್ಡ ಪ್ರತಿಮೆ ಇದೆ. ಸಿಯಾಮಿನ ಮೇಲೆ ದಂಡೆತ್ತಿ ಹೋಗಿ ಸೋತವನು ಅವನು. ಆ ಸಿಟ್ಟಿಗೇ ಅವರು ಬಂದು ಊರು ಸುಟ್ಟದ್ದು. ಎಡಗೈಯಲ್ಲಿ ಕತ್ತಿ, ಬಲಗೈ ಮೆಕಾಂಗ್ ನದಿಯಾಚೆಗೆ ಚಾಚಿದೆ.

ಕೈ ಯಾಕೆ ಹಾಗೆ ಚಾಚಿದ್ದಾರೆ ಎಂದರು ಅಮ್ಮ. ನಿಮ್ಮಂಥ ನೆಂಟರನ್ನು ಕರೆಯುತ್ತಿದ್ದಾರೆ ಎಂದ ಅಣ್ಣ.

"ಹಾಗಾದ್ರೆ ಕತ್ತಿ?"

ಅಣ್ಣ ಕತ್ತಿಯನ್ನು ಅವತ್ತೇ ಮೊದಲ ಸಲ ಕಂಡವನಂತೆ ನೋಡಿದ. "ಕೆಳಗಿಡೋಕೆ ಮರೆತಿದ್ದಾರೆ," ಎಂದ.

ಪ್ರವಿತ್ ತಿರುಗಿ ನಿಂತು ನದಿಯನ್ನು ನೋಡತೊಡಗಿದ. ಅವನ ಹೆಗಲು ಕುಲುಕುತ್ತಿತ್ತು.

ಅಲ್ಲಿಂದ ಸಿ ಸಾಕೆತ್ ವಿಹಾರ. ಸುತ್ತ ಗೋಡೆಯ ಗೂಡುಗಳಲ್ಲಿ ಸಾವಿರಾರು ಪುಟ್ಟ ಬುದ್ಧರು, ಒಂದು ಕಡೆ ಜಾಲರಿಯ ಹಿಂದೆ ಮುರಿದ ಬುದ್ಧರ ರಾಶಿ. ತಲೆಯಿಲ್ಲದವು, ಕೈಯಿಲ್ಲದವು, ಬರಿಯ ತಲೆಗಳು. ಅಣ್ಣ ಬೇಗ ದಾಟಿಸಲು ನೋಡಿದ. ಅಮ್ಮ ನಿಂತೇಬಿಟ್ಟರು.

"ಇವೆಲ್ಲ ಹೇಗೆ ಒಡೆದವು?"

"ಜಾರಿ ಬಿದ್ದು."

"ಇಷ್ಟೂ?"

"ನೆಲ ನೋಡಿ ಎಷ್ಟು ನುಣುಪಾಗಿದೆ."

ಅಮ್ಮ ಬಾಗಿ ನೆಲ ಮುಟ್ಟಿ ನೋಡಿದರು. ಹುಷಾರಾಗಿ ನಡೆಯಬೇಕು ಎಂದು ಮಗನಿಗೆ ಹೇಳಿದರು. ಅವರ ಮುಖದಲ್ಲಿ ನಗು ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಅಣ್ಣನ ಬೆನ್ನು ಮಾತ್ರ ಬೆವರಿತ್ತು. ಎಂಟೂವರೆಗೆ ಹೊರಟಿದ್ದೆವು; ಹನ್ನೊಂದರ ಹೊತ್ತಿಗೆ ಅವನ ಮೂವತ್ತೊಂದು ವರ್ಷದ ಕಥೆಯಲ್ಲಿ ಉಳಿದದ್ದು ಒಂದು ಸಿಡಿಲು, ಒಂದು ಮರೆವು, ಒಂದಿಷ್ಟು ಜಾರಿಕೆ.

ರಸ್ತೆ ದಾಟಿದರೆ ಪಚ್ಚೆ ಬುದ್ಧನ ಗುಡಿ. ಮೆಟ್ಟಿಲು ಹತ್ತಿ ಒಳಗೆ ಹೋದೆವು. ಅಣ್ಣ ಪೀಠದ ಮುಂದೆ ನಿಂತ. ಬಾಯಿ ತೆರೆದ, ಮುಚ್ಚಿದ. ಇಲ್ಲಿ ಸಿಡಿಲೂ ಇಲ್ಲ, ನುಣುಪು ನೆಲವೂ ಇಲ್ಲ. ಬುದ್ಧ ತಾನಾಗಿ ಎದ್ದು ನಡೆದುಹೋದ ಎನ್ನಲು ಸಾಧ್ಯವೇ? ವಿಲಯ್‌ಳ ಕೆಮ್ಮೂ ನಿಂತುಹೋಗಿತ್ತು.

ರವಿವಾನ್ ಅಮ್ಮನೇ ಮಾತಾಡಿದರು. "ಹೇಳಿ ಬೀಗರೇ. ನಮ್ಮವರು ಒಯ್ದ್ರು ಅಂತ ಹೇಳಿಬಿಡಿ. ಬೆಳಗ್ಗಿಂದ ಕಾಯ್ತಾ ಇದ್ದೀನಿ."

ಅಣ್ಣ ಮಗಳನ್ನು ನೋಡಿದ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಅವನು ಹೇಳಿದ್ದು ಮೂವತ್ತೊಂದು ವರ್ಷದಲ್ಲಿ ಯಾವ ಪ್ರವಾಸಿಗನಿಗೂ ಹೇಳದ ಮಾತು.

"ಒಯ್ದದ್ದು ಒಯ್ದಾಯ್ತಮ್ಮ. ಅದಕ್ಕಲ್ಲ ನಂಗೆ ಸಂಕಟ. ದಿನಾ ಬಂದು ಈ ಖಾಲಿ ಜಾಗ ನೋಡ್ತೀನಿ. ನನ್ನ ಮನೇಲೂ ಇಂಥದ್ದೊಂದು ಆಗೋದು ಬೇಡ ಅಂತ."

ಪ್ರವಿತ್ ಚಪ್ಪಲಿಯಿಲ್ಲದ ತನ್ನ ಕಾಲುಗಳನ್ನೇ ನೋಡಿಕೊಳ್ಳುತ್ತಿದ್ದ. ಅಮ್ಮ ಕೊಡೆಯನ್ನು ಎರಡೂ ಕೈಯಲ್ಲಿ ಊರಿಕೊಂಡು, ತರಗತಿಯಲ್ಲಿ ಕೇಳುವಂತೆ ಕೇಳಿದರು:

"ಇಲ್ಲಿಗೆ ಬರೋ ಮುಂಚೆ ಬುದ್ಧ ಎಲ್ಲಿದ್ದ?"

ಅಣ್ಣ ಗಂಟಲು ಸರಿಮಾಡಿಕೊಂಡ. ಈ ಪ್ರಶ್ನೆಯನ್ನು ಫ್ರೆಂಚರು ಕೇಳಿರಲಿಲ್ಲ, ಜಪಾನಿನವರೂ ಕೇಳಿರಲಿಲ್ಲ. "ಚಿಯಾಂಗ್ ಮಾಯ್‌ನಲ್ಲಿ," ಎಂದ. ಈಗ ಅದು ನದಿಯಾಚೆಯವರ ದೇಶದ ಊರು.

"ಅಲ್ಲಿಂದ ತಂದೋರು ಯಾರು?"

"ನಮ್ಮ ರಾಜ."

"ಆ ಊರಿನವರನ್ನ ಕೇಳಿ ತಂದ್ರಾ?"

ನನಗೆ ನಗು ತಡೆಯಲಾಗಲಿಲ್ಲ. ಹನ್ನೆರಡು ವರ್ಷ ಅವನ ಕಥೆ ಕೇಳಿದ್ದೇನೆ, ಅದು ಯಾವಾಗಲೂ ಬುದ್ಧ ಇಲ್ಲಿಗೆ ಬಂದು ಕುಳಿತ ಮೇಲೆಯೇ ಶುರುವಾಗುತ್ತಿತ್ತು.

ತಾನು ಚಿಯಾಂಗ್ ಮಾಯ್‌ನಲ್ಲಿ ಹುಟ್ಟಿದವಳು ಎಂದರು ಅಮ್ಮ. ಅಲ್ಲಿಯ ಹಳೆಯ ಸ್ತೂಪದಲ್ಲಿ ಪೂರ್ವಕ್ಕೊಂದು ಗೂಡಿದೆ, ಪಚ್ಚೆ ಬುದ್ಧನಿದ್ದದ್ದು ಅಲ್ಲಿ. ಈಗ ಅದರಲ್ಲಿ ನಕಲಿ ವಿಗ್ರಹ ಇಟ್ಟಿದ್ದಾರೆ. ತಾನು ಚಿಕ್ಕವಳಿದ್ದಾಗ ಬರೀ ಗೂಡಿತ್ತು. ಅವರ ಅಜ್ಜಿ ಅದರ ಮುಂದೆ ನಿಲ್ಲಿಸಿ, ಲಾವೋಸಿನವರು ಬಂದು ಒಯ್ದರು ಎಂದು ಹೇಳುತ್ತಿದ್ದಳಂತೆ. ಥೇಟ್ ಅಣ್ಣನ ಹಾಗೆಯೇ, ಮುಖ ಗಂಟಿಕ್ಕಿಕೊಂಡು.

ಆಮೇಲೆ ಅವರು ಖಾಲಿ ಪೀಠದ ಎದುರು ನೆಲದ ಮೇಲೆ ಕುಳಿತರು. ಅಣ್ಣನೂ ಕುಳಿತ.

"ನಮ್ಮೂರಲ್ಲೂ ಗಂಡೇ ಹೆಣ್ಣಿನ ಮನೆಗೆ ಬರೋದು ಬೀಗರೇ. ನನ್ನ ಗಂಡ ಬಂದು ಆರು ವರ್ಷ ನಮ್ಮಮ್ಮನ ಮನೇಲಿದ್ದ. ಅವನಮ್ಮ ಅತ್ತಿದ್ಳು. ಆಗ ನಂಗೆ ಅದು ತಮಾಷೆ ಅನ್ನಿಸ್ತಿತ್ತು. ಬ್ಯಾಂಕಾಕಿಗೆ ಬಂದ ಮೇಲೆ ಪದ್ಧತಿನೂ ಮರೆತೆ, ಅವಳನ್ನೂ ಮರೆತೆ." ಕೊಡೆಯನ್ನು ಪಕ್ಕಕ್ಕಿಟ್ಟು, "ನನ್ನ ಮಗ ಬರ್ಲಿ ನಿಮ್ಮನೆಗೆ. ಆದರೆ ಖಾಲಿ ಜಾಗದ ಮುಂದೆ ಹೇಗೆ ಕೂತಿರೋದು ಅಂತ ನೀವೇ ನಂಗೆ ಹೇಳಿಕೊಡ್ಬೇಕು. ಮೂವತ್ತು ವರ್ಷದ ಅನುಭವ ನಿಮ್ಮದು," ಎಂದರು.

ಅಣ್ಣ ಹೆಗಲ ಮೇಲಿನ ಚೌಕುಳಿ ವಸ್ತ್ರದಿಂದ ಮುಖ ಒರೆಸಿಕೊಂಡ, ಆಮೇಲೆ ಕಣ್ಣು. ಅಮ್ಮ ಒಂದು ಷರತ್ತು ಹಾಕಿದರು: ಮದುವೆಗೆ ಮುಂಚೆ ಅವನು ಬ್ಯಾಂಕಾಕಿಗೆ ಬಂದು ಪಚ್ಚೆ ಬುದ್ಧನನ್ನು ನೋಡಬೇಕು. ಟಿಕೆಟ್ಟು ತಮ್ಮದು. ಅಣ್ಣ ವಿಲಯ್‌ಳನ್ನು ನೋಡಿದ, ಪೀಠವನ್ನು ನೋಡಿದ, ಕೊನೆಗೆ ಯಾವ ರೈಲು ಎಂದು ಕೇಳಿದ. ಮಾತುಕತೆ ಊಟಕ್ಕೆ ಮೊದಲೇ ಮುಗಿದುಹೋದದ್ದರಿಂದ, ಊಟದಲ್ಲಿ ಎಲ್ಲರೂ ಊಟವನ್ನೇ ಮಾಡಿದರು. ಚಂಥಾ ಅಕ್ಕ ಮೀನು ಕೊಚ್ಚಿ ಮಾಡಿದ್ದ ಲಾಪ್ ಸಾಲದೆ ಬಂತು. ಯಾಕೆ ಸಾಲಲಿಲ್ಲ ಎಂದು ಅಕ್ಕ ಕೇಳಿದಾಗ ವಿಲಯ್‌ಳೇ ಹೇಳಿದಳು, ಸಿಯಾಮಿನವರು ಬಂದರಲ್ಲ ಎಂದು.

ಅಣ್ಣ ಬ್ಯಾಂಕಾಕಿಗೆ ಹೋಗಿ ಬಂದ. ಮೂರನೆಯ ದಿನ ವ್ಯಾನಿನಲ್ಲಿ ನನ್ನ ಪಕ್ಕ ಕುಳಿತು, ಬುದ್ಧ ಬಹಳ ಸಣ್ಣವನು, ಬಹಳ ಎತ್ತರದಲ್ಲಿ ಕೂತಿದ್ದಾನೆ ಎಂದ. ಮಳೆಗೊಂದು, ಚಳಿಗೊಂದು, ಬಿಸಿಲಿಗೊಂದು ಎಂದು ವರ್ಷಕ್ಕೆ ಮೂರು ಉಡುಪು ಹಾಕುತ್ತಾರಂತೆ. ಸ್ವಲ್ಪ ದೂರ ಹೋದ ಮೇಲೆ, ಯಾರೋ ಬಲವಂತದಿಂದ ಹೇಳಿಸಿದಂತೆ, "ಚೆನ್ನಾಗಿ ನೋಡ್ಕೊಂಡಿದ್ದಾರೆ," ಎಂದ.

ಮದುವೆಯ ದಿನ ಪ್ರವಿತ್ ಬಾಳೆಎಲೆಯ ಮೇಲೆ ನಿಂತ. ಕಾಲು ತೊಳೆಯುವಾಗ ಜಾರಿ ಬೀಳುವುದರಲ್ಲಿದ್ದ. ನೆಲ ನುಣುಪು, ಹುಷಾರು ಎಂದು ಅವನ ತಾಯಿ ಹಿಂದಿನಿಂದ ಹೇಳಿದರು. ಈಗ ಮಗ್ಗಗಳ ಪಕ್ಕದಲ್ಲಿ ಬಿಚ್ಚಿಹಾಕಿದ ಕಾಫಿ ಯಂತ್ರಗಳಿರುತ್ತವೆ. ಊರಿನ ಯಂತ್ರಗಳು ಯಾಕೋ ಮೊದಲಿನಷ್ಟು ಕೆಡುತ್ತಿಲ್ಲ. ಭಾನುವಾರ ಸಂಜೆ ಬ್ಯಾಂಕಾಕಿನಿಂದ ಫೋನು ಬರುತ್ತದೆ. ಮಗನ ಜೊತೆ ಐದು ನಿಮಿಷ, ಬೀಗರ ಜೊತೆ ಅರ್ಧ ಗಂಟೆ. ಅಷ್ಟು ಹೊತ್ತು ಏನು ಮಾತಾಡುತ್ತೀರಿ ಎಂದು ಒಮ್ಮೆ ಕೇಳಿದೆ. ಪಾಠ ನಡೆಯುತ್ತಿದೆ ಎಂದ ಅಣ್ಣ. ಯಾರು ಯಾರಿಗೆ ಎಂದು ಹೇಳಲಿಲ್ಲ.

ಕಳೆದ ವಾರ ಒಂದು ಫ್ರೆಂಚ್ ಗುಂಪನ್ನು ಪಚ್ಚೆ ಬುದ್ಧನ ಗುಡಿಗೆ ಕರೆದುಕೊಂಡು ಹೋಗಿದ್ದೆವು. ಅಣ್ಣ ಕಥೆಯನ್ನು ಚಿಯಾಂಗ್ ಮಾಯ್‌ನಿಂದ ಶುರು ಮಾಡಿದ, ಹಾಗಾಗಿ ಈಗ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕೊನೆಗೆ ಖಾಲಿ ಪೀಠ ತೋರಿಸಿದ. ಒಬ್ಬಳು ಹೆಂಗಸು ಪೆನ್ನು ಹಿಡಿದು, ಹಾಗಾದರೆ ಈಗ ಬುದ್ಧ ಎಲ್ಲಿದ್ದಾನೆ ಎಂದು ಕೇಳಿದಳು. ನಾನು ಬಾಗಿಲಲ್ಲೇ ನಿಂತು ಕಾದೆ.

"ನಮ್ಮ ಬೀಗರ ಊರಲ್ಲಿ," ಎಂದ ಬೂನ್‌ಥಾವಿ ಅಣ್ಣ.