‘ಮಾಹಿತಿಗಾಗಿ’ ಎಂಬ ಮೊಹರು

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಮೈಸೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಟಪಾಲು ಗುಮಾಸ್ತನಾಗಿದ್ದೆ. ಬಂದ ಕಾಗದಕ್ಕೆ ಮೊಹರು ಒತ್ತಿ ಮುಂದಕ್ಕೆ ಸಾಗಿಸುವುದು ನನ್ನ ಕೆಲಸ. ‘ಸೂಕ್ತ ಕ್ರಮಕ್ಕಾಗಿ’ ಎಂದು ಒತ್ತಿದರೆ ಉತ್ತರ ಬರುವವರೆಗೂ ನೆನಪೋಲೆ ಬರೆಯುತ್ತ ಕೂರಬೇಕು. ‘ಮಾಹಿತಿಗಾಗಿ’ ಎಂದು ಒತ್ತಿದರೆ ಕೈ ತೊಳೆದುಕೊಂಡ ಹಾಗೆ. ಯಾವ ಮೊಹರು ಬೇಗ ಸವೆಯಿತು ಎಂದು ಬೇರೆ ಹೇಳಬೇಕಾಗಿಲ್ಲ.

ಒಂದು ಬೆಳಿಗ್ಗೆ ದೆಹಲಿಯ ಹವಾಮಾನ ಕಚೇರಿಯಿಂದ ಹೊರಟ ಫ್ಯಾಕ್ಸೊಂದು ಬೆಂಗಳೂರಿನ ಮೂಲಕ ನಮಗೆ ಬಂತು. ನಾಳೆ ಭಾರಿ ಮಳೆ, ತಗ್ಗು ಪ್ರದೇಶದವರನ್ನು ಎಚ್ಚರಿಸಿ ಎಂದಿತ್ತು. ಉದಯಗಿರಿಯ ತಗ್ಗಿನ ಬೀದಿಯಲ್ಲಿ ನನ್ನ ತಂಗಿಯ ಮನೆ. ಮೊದಲು ಅವಳಿಗೆ ಫೋನ್ ಮಾಡಿದೆ.

“ಸಾಮಾನೆಲ್ಲ ಅಟ್ಟಕ್ಕೆ ಏರಿಸ್ಬುಡು. ಆಫೀಸಿನ ವಿಷಯ ಕಣೇ, ಬೀದಿಗೆಲ್ಲ ಸಾರ್ಬೇಡ,” ಎಂದೆ.

ಆಮೇಲೆ ಫ್ಯಾಕ್ಸಿಗೆ ‘ಮಾಹಿತಿಗಾಗಿ’ ಒತ್ತಿ, ಊರಿನ ಚರಂಡಿಗಳನ್ನು ನೋಡಿಕೊಳ್ಳುವ ಕಚೇರಿಗೆ ಕಳಿಸಿದೆ. ಮಾಹಿತಿಗಾಗಿ ಬಂದದ್ದನ್ನು ಅಲ್ಲಿಯೂ ಓದಿ ಕಡತಕ್ಕೆ ಸೇರಿಸಿದರು.

ಮಳೆ ಹೇಳಿದ ಹಾಗೆಯೇ ಬಂತು. ಮೂರನೆಯ ದಿನ ತಂಗಿಯ ಮನೆಗೆ ಹೋದೆ. ನೆಲವೆಲ್ಲ ಕೆಸರು, ಆದರೆ ಸಾಮಾನು ಭದ್ರ. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿದು ಸಂಸಾರ ತೂಗಿಸುತ್ತಿದ್ದ ಹೆಂಗಸೊಬ್ಬಳಿದ್ದಳು. ಗಿರಾಕಿಗಳ ಮದುವೆ ರವಿಕೆಗಳು ಮೋರಿ ನೀರಿನ ಬಣ್ಣಕ್ಕೆ ತಿರುಗಿ ಅವಳ ಹಗ್ಗದ ಮೇಲೆ ಜೋತಾಡುತ್ತಿದ್ದವು. ಹೊಲಿಗೆ ಮಿಷನ್ನನ್ನು ಬಿಸಿಲಿಗಿಟ್ಟು, ಅಲುಗದ ಚಕ್ರವನ್ನು ತಿರುಗಿಸಲು ನೋಡುತ್ತಿದ್ದಳು.

“ನಿಮ್ ತಂಗಿ ಪುಣ್ಯವಂತೆ ಕಣಣ್ಣ, ಹಿಂದಿನ ದಿನಾನೇ ಎಲ್ಲಾ ಮೇಲೆತ್ತಿಟ್ಬುಟ್ಟಿದ್ರು. ಎಂಗೆ ಗೊತ್ತಾಯ್ತೋ,” ಎಂದಳು.

ತಂಗಿ ತಲೆ ತಗ್ಗಿಸಿ ಒಳಗೆ ಹೋದಳು. “ಮೋಡ ನೋಡಿರ್ಬೇಕು ಕಣಮ್ಮ,” ಎಂದೆ ನಾನು. ಸುಳ್ಳು ಅಷ್ಟು ಸಲೀಸಾಗಿ ಬಂತಲ್ಲ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ತಿಂಗಳಾದ ಮೇಲೆ, ಉದಯಗಿರಿಯ ಆ ಬೀದಿಗೆ ನೀರು ನುಗ್ಗಿದ್ದರ ಬಗ್ಗೆ ಸಭೆ ನಡೆಯಿತು. ದೆಹಲಿಯವರು, ಬೆಂಗಳೂರಿನವರು, ಊರಿನವರು ಒಂದೇ ಮೇಜಿನ ಸುತ್ತ ಕೂತು ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುತ್ತಿದ್ದರು. ನಾನು ಕಡತ ಹಿಡಿದು ನಮ್ಮ ಸಾಹೇಬರ ಹಿಂದೆ ನಿಂತಿದ್ದೆ. ಬಂದ ದಿನವೇ ರವಾನೆಯಾಗಿದೆ ಎಂದು ಸಾಹೇಬರು ನನ್ನನ್ನು ಹೊಗಳಿಯೂ ಬಿಟ್ಟರು.

ದೆಹಲಿಯ ಅಧಿಕಾರಿ ಕೇಳಿದರು: “ನಮ್ಮ ಫ್ಯಾಕ್ಸ್ ಇಲ್ಲಿಗೆ ಬಂದ ಮೇಲೆ, ಆ ಬೀದಿಯ ಒಂದು ಮನೆಗೆ ಸುದ್ದಿ ಮುಟ್ಟೋಕೆ ಎಷ್ಟು ಹೊತ್ತು ಬೇಕು?”

ಒಬ್ಬರು ಎರಡು ದಿನ ಎಂದರು, ಇನ್ನೊಬ್ಬರು ಸಿಬ್ಬಂದಿ ಸಾಲದು ಎಂದರು. ಸಾಹೇಬರು ನನ್ನ ಕಡೆ ತಿರುಗಿದರು.

ಐದು ನಿಮಿಷ. ಆ ಕೋಣೆಯಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ.

“ಕಡತ ನೋಡಿ ಹೇಳ್ತೀನಿ ಸಾರ್,” ಎಂದೆ.