ಖಾಲಾ ಮನೆಯ ಫೋನ್ ಲೈನು

ಹೋದ ವಾರ ಯಾದಗಿರಿಯ ನಮ್ಮ ಓಣಿಗೆ ಗುಜರಿ ಬಂಡಿ ಬಂದಿತ್ತು. ಹಳೇ ಪೇಪರು, ಮುರಿದ ಕುರ್ಚಿಗಳ ಮೇಲೆ ಒಂದು ಕೆಂಪು ಫೋನು, ಮೇಲೆ ಹೊದಿಸಿದ ಕ್ರೋಶಾ ಮುಸುಕಿನ ಸಮೇತ ಕೂತಿತ್ತು. ರಿಸೀವರ್ ಎತ್ತಿ ಕಿವಿಗೆ ಹಿಡಿದೆ. ಬಂಡಿಯವನು ನಕ್ಕ. ನಗಲಿ ಬಿಡಿ. ನನಗೆ ಶಹಾಪುರದ ಮನೆಯೊಡತಿ, ನಾನು ಖಾಲಾ ಎಂದರೆ ಚಿಕ್ಕಮ್ಮ ಎಂದು ಕರೆಯುತ್ತಿದ್ದವಳು, ನೆನಪಾಗಿದ್ದಳು...

ಆಗ ನಾನು ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ಖಾಲಾ ಮನೆಗೆ ಹತ್ತಿದ ಖೋಲಿಯಲ್ಲಿ ಬಾಡಿಗೆಗಿದ್ದೆ, ಒಬ್ಬಳೇ. ಊಟ ಆಯಿತೋ ಇಲ್ಲವೋ ಎಂದು ದಿನಾ ಗೋಡೆಯಾಚೆಯಿಂದ ವಿಚಾರಣೆ. ಆಗಿದೆ ಎಂದು ಸುಳ್ಳು ಹೇಳಿದರೆ ಬೈಗುಳ, ಅದರ ಹಿಂದೆಯೇ ಒಂದು ಬಟ್ಟಲು ಸಾರು. ಆಕೆಯ ಗಂಡನನ್ನು ನಾನು ಚಾಚಾ ಎನ್ನುತ್ತಿದ್ದೆ. ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸ ಮಾಡಿ ನಿವೃತ್ತರಾದವರು. ಎಲ್ಲಿಂದ ಶುರುವಾದರೂ ಅವರ ಮಾತು ನೀರಿಗೇ ಬಂದು ನಿಲ್ಲುತ್ತಿತ್ತು.

ಖಾಲಾಳ ಅಕ್ಕನ ಮಗ ಹೈದರಾಬಾದಿನಲ್ಲಿ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. ತನ್ನ ಹಳೇ ಕಂಪ್ಯೂಟರನ್ನು ಇವರ ಮನೆಗೆ ತಂದಿಟ್ಟು ಹೋಗಿದ್ದ. ಅದರೊಳಗೆ ಲಿನಕ್ಸ್. ವೈರಸ್ ಬರುವುದಿಲ್ಲ ಎಂಬುದು ಅವನ ವಾದ. ನಿಜ, ವೈರಸ್ಸೂ ಬರಲಿಲ್ಲ, ಇಂಟರ್‌ನೆಟ್ಟೂ ಬರಲಿಲ್ಲ. ಫೋನ್ ಲೈನಿನಿಂದ ಇಂಟರ್‌ನೆಟ್ ತರುವ ಮೋಡೆಮ್ ಎಲ್ಲಿದೆ ಎಂದು ಆ ಕಂಪ್ಯೂಟರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಆಮೇಲೆ ನೋಡಿದರೆ ನಮ್ಮ ಎಕ್ಸ್‌ಚೇಂಜಿಗೆ ಹೊಸ ರೀತಿಯ ಡಯಲಿಂಗ್ ತಿಳಿಯುತ್ತಲೇ ಇರಲಿಲ್ಲ. ಹಳೇ ಫೋನಿನ ಹಾಗೆ ಕಟಕಟ ಎಂದು ನಂಬರು ತಿರುಗಿಸುವಂತೆ ಬದಲಾಯಿಸಿದೆ. ಕಿರ್ರೆಂದು ಕಿರುಚಿ ಹತ್ತಿಕೊಂಡಿತು. ಆ ಸದ್ದಿಗೆ ಖಾಲಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. ಚಾಚಾ ಮಾತ್ರ ನನಗೇ ಪಾಠ ಹೇಳಿದರು. ಕೊನೆಯ ಹೊಲಕ್ಕೆ ನೀರು ಬರಲಿಲ್ಲವೆಂದರೆ ಹೊಲದಲ್ಲಿ ನಿಂತು ಬೈದು ಉಪಯೋಗವಿಲ್ಲ, ಕಾಲುವೆ ಹಿಡಿದು ಮೇಲಕ್ಕೆ ನಡೆಯಬೇಕು, ಎಲ್ಲೋ ಯಾರೋ ಕಲ್ಲು ಇಟ್ಟಿರುತ್ತಾರೆ ಅಂತ.

ಆ ಬೇಸಿಗೆಯಲ್ಲಿ ಖಾಲಾಗೆ ಹೊಟ್ಟೆನೋವು ಶುರುವಾಯಿತು. ಹೈದರಾಬಾದಿಗೆ ಹೋಗಿ ಗಡ್ಡೆಯ ಚೂರನ್ನು ಪರೀಕ್ಷೆಗೆ ಕೊಟ್ಟು ಬಂದರು. ವರದಿ ಬಂದ ದಿನ ಆ ಅಕ್ಕನ ಮಗ ಫೋನು ಮಾಡಿ, ಮೇಲ್ ಹಾಕಿದ್ದೇನೆ, ತೆಗೆದು ಅಲ್ಲಿನ ಡಾಕ್ಟರಿಗೆ ತೋರಿಸಿರಿ ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಮನೆಯಲ್ಲಿ ಒಬ್ಬಳೇ ಮಗಳ ನಿಕಾಹ್ ತಯಾರಿ. ವರ ರಂಗಂಪೇಟೆಯವನು, ಮುಂದಿನ ಜುಮ್ಮಾಕ್ಕೆ, ಶುಕ್ರವಾರಕ್ಕೆ, ಮುಹೂರ್ತ. ಚಾಚಾ ಮಾತ್ರ ಆ ಮೇಲ್ ಒಂದನ್ನೇ ಹಿಡಿದುಕೊಂಡು ಕೂತರು.

ನಾನು ಕಂಪ್ಯೂಟರ್ ಮುಂದೆ ಕೂತೆ. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರ, ಡಯಲ್ ಟೋನ್ ಇಲ್ಲ. ಮರುದಿನವೂ ಅದೇ. ವೈರು ಬದಲಿಸಿದೆ, ಟೋನಿಗೆ ಕಾಯದೆ ಡಯಲ್ ಮಾಡು ಎಂದು ಮೋಡೆಮ್‌ಗೆ ಹೇಳಿಯೂ ನೋಡಿದೆ. ಊಹೂಂ. ಪಡಸಾಲೆಯ ಫೋನು ಎತ್ತಿದರೆ ಅದೂ ಸತ್ತುಬಿದ್ದಿತ್ತು. ಚಾಚಾ ಲೈನ್‌ಮನ್‌ನನ್ನು ಕರೆತಂದರು. ಅವನು ರಿಸೀವರ್ ಎತ್ತಿದ ಕೂಡಲೇ ಟೋನ್ ಸ್ವಚ್ಛವಾಗಿ ಕೇಳಿತು! ಲೈನು ಬರೋಬ್ಬರಿ ಇದೆ, ಕಂಪ್ಯೂಟರ್ ಕೆಟ್ಟಿದೆ ಎಂದು ಹೇಳಿ, ಚಹಾ ಕುಡಿದು ಹೋದ. ನನ್ನ ಮೈಯೆಲ್ಲ ಉರಿದುಹೋಯಿತು.

ಮತ್ತೆ ಕೂತೆ, ಮತ್ತೆ ಟೋನ್ ಇಲ್ಲ. ಚಾಚಾ ನಮಾಜಿಗೆ ಹೋದಾಗ, ಅವರು ಹೇಳಿದ್ದ ಹಾಗೆ ಮೋಡೆಮ್‌ನಿಂದ ವೈರು ಹಿಡಿದು ಹೊರಟೆ. ಗೋಡೆ, ಚೌಕಟ್ಟು, ಅಲ್ಲಿಂದ ಅಡುಗೆಮನೆ. ಪಡಸಾಲೆಯಲ್ಲಿ ಪರಗಂಡಸರು ಕೂತಾಗ ಹೊರಗೆ ಬಂದು ಫೋನು ಎತ್ತಲಾಗುವುದಿಲ್ಲವೆಂದು ಖಾಲಾ ಒಳಗೆ ಇನ್ನೊಂದು ಫೋನು ಹಾಕಿಸಿಕೊಂಡಿದ್ದಳು, ಅದೇ ಲೈನಿನದು. ಲೈನ್‌ಮನ್ ಅಡುಗೆಮನೆಗೆ ಕಾಲಿಡುವ ಮಾತೇ ಇರಲಿಲ್ಲ. ಆ ಫೋನಿನ ರಿಸೀವರ್ ಹಿಟ್ಟಿನ ಡಬ್ಬಿಯ ಮೇಲೆ ಮಲಗಿತ್ತು. ಅದು ಹಾಗಿದ್ದಷ್ಟು ಹೊತ್ತು ಇಡೀ ಲೈನಿಗೆ ಟೋನ್ ಇಲ್ಲ; ಲೈನ್‌ಮನ್ ಬಂದಾಗ ಮಾತ್ರ ಅದನ್ನು ಮರಳಿ ಫೋನಿನ ಮೇಲೆ ಇಟ್ಟಿದ್ದಳು. ಪಕ್ಕದಲ್ಲಿ ಖಾಲಾ ಮಗಳ ಓಢಣಿಗೆ ಜರಿಯಂಚು ಹೊಲಿಯುತ್ತ ಕೂತಿದ್ದಳು. ರಿಸೀವರನ್ನು ಎತ್ತಿ ಫೋನಿನ ಮೇಲಿಡಲು ಹೋದೆ. ಆಕೆ ನನ್ನ ಕೈ ಹಿಡಿದಳು.

"ಬ್ಯಾಡ ಬೇಟಿ. ಛಲೋ ಸುದ್ದಿ ಇದ್ದಿದ್ರ ಅಂವ ಫೋನ್‌ನ್ಯಾಗ ಹೇಳ್ತಿದ್ದ. ಬಾಯಿಲೆ ಹೇಳಾಕ ಆಗಲಾರ್ದಕ್ಕ ಮೇಲ್ ಹಾಕ್ಯಾನ."

ನಿಕಾಹ್ ಒಂದು ಮುಗಿಯಲಿ ಎಂದಳು. ವರದಿ ನೋಡಿದರೆ ನಿನ್ನ ಚಾಚಾ ಮದುವೆ ನಿಲ್ಲಿಸಿ ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಾರೆ, ಮಗಳನ್ನು ಕಳಿಸುವಾಗ ಅವರ ಮುಖದಲ್ಲಿ ನಗು ಇರಬೇಕು ಎಂದಳು. ಆಕೆಯ ಕೈ ಗಟ್ಟಿಯಾಗಿತ್ತು. ರಿಸೀವರನ್ನು ಹಾಗೇ ಬಿಟ್ಟು ಹೊರಗೆ ಬಂದೆ. ಚಾಚಾ ಬಂದ ಮೇಲೆ, ಮೋಡೆಮ್ ಸುಟ್ಟಿದೆ, ಗುಲ್ಬರ್ಗಾದಿಂದ ತರಿಸಬೇಕು ಎಂದೆ. ಅವರು ನನ್ನ ಮುಖ ನೋಡಿ, ಆಯಿತು ಎಂದರು.

ನಿಕಾಹ್ ಚೆನ್ನಾಗಿ ಆಯಿತು. ಚಾಚಾ ನಕ್ಕರು, ಬೀಗರೊಡನೆ ಹಾಸ್ಯ ಮಾಡಿದರು. ಮಗಳು ರಂಗಂಪೇಟೆಗೆ ಹೋದ ಮರುದಿನ ಖಾಲಾಳೇ ಗೋಡೆಯಾಚೆಯಿಂದ ಕರೆದು, ಈಗ ಹಚ್ಚು ಎಂದಳು. ಹೊಸ ಮೋಡೆಮ್ ಬಂತೆಂದು ಚಾಚಾಗೆ ಹೇಳಿ ಕೂತೆ, ಒಂದೇ ಸಲಕ್ಕೆ ಹತ್ತಿತು. ವರದಿಯ ಚಿತ್ರ ಮೇಲಿನಿಂದ ಒಂದೊಂದೇ ಸಾಲು ಇಳಿಯುತ್ತ ಬಂತು. ಇಂಗ್ಲಿಷ್ ಓದಿ ಹೇಳು ಎಂದರು ಚಾಚಾ. ಹೇಳಿದೆ. ಬಾಗಿಲಲ್ಲಿ ನಿಂತಿದ್ದ ಖಾಲಾ, ಚಹಾ ಇಡುತ್ತೇನೆ ಎಂದು ಒಳಗೆ ಹೋದಳು.

ಹೈದರಾಬಾದಿಗೆ ಓಡಾಡಿದರು, ಮಾಡುವುದನ್ನೆಲ್ಲ ಮಾಡಿದರು. ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಖಾಲಾ ಹೋಗಿಬಿಟ್ಟಳು...

ಆಕೆ ತೀರಿದ ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಸಂಜೆ ಚಾಚಾ ನನ್ನನ್ನು ಕರೆದು ಕೂರಿಸಿಕೊಂಡರು. ಮೋಡೆಮ್ ಸುಟ್ಟಿರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

"ಮೊದಲ್ನೇ ದಿನಾನೇ ನೋಡೀನಿ ಬೇಟಿ, ಆಕಿ ರಿಸೀವರ್ ತೆಗೆದು ಇಡೂದು. ಯಾಕಂತನೂ ತಿಳೀತು. ಲೈನ್‌ಮನ್‌ಗ ಕರ್ಕೊಂಡು ಬಂದಿದ್ದು, ನನಗ ಗೊತ್ತದ ಅಂತ ಆಕಿಗೆ ತಿಳೀಬಾರ್ದಂತ."

ಆಮೇಲಾದರೂ ಆಕೆಗೆ ಹೇಳಿದಿರಾ ಎಂದು ಕೇಳಿದೆ. ಇಲ್ಲ ಎಂದು ತಲೆ ಆಡಿಸಿದರು.

ಈಗ ಚಾಚಾ ಕೂಡ ಇಲ್ಲ. ಪಾಪ ಅನ್ನಿಸುತ್ತದೆ, ಆದರೂ ಅವರ ಮೇಲಿನ ನನ್ನ ಸಿಟ್ಟು ಇನ್ನೂ ಹೋಗಿಲ್ಲ. ಅವರಿಗೆ ನಾನು ಹೇಳದ ಒಂದು ಸಂಗತಿ ಇದೆ. ನಿಕಾಹ್ ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಖಾಲಾ ನನ್ನ ಖೋಲಿಗೆ ಬಂದು, ಬಾಗಿಲು ಹಾಕಿಕೊಂಡು, ಸದ್ದು ಹೊರಗೆ ಹೋಗದಂತೆ ನನ್ನ ದಿಂಬಿಗೆ ಮುಖ ಒತ್ತಿ ಅತ್ತಳು. ತನ್ನ ಗಂಡನಿಗೆ ಏನೂ ಗೊತ್ತಿಲ್ಲ ಎಂದುಕೊಂಡು ಅತ್ತಳು. ಎಲ್ಲ ಗೊತ್ತಿದ್ದ ಆ ಗಂಡ ಗೋಡೆಯ ಆಚೆ ಬೀಗರಿಗೆ ಬಿರಿಯಾನಿ ಬಡಿಸುತ್ತ ನಗುತ್ತಿದ್ದ.