ಹೆಂಡತಿ ಒಯ್ದ ನಿಲುವಂಗಿ

ಅಂಜರಾ ಊರಿನಲ್ಲಿ ಯಾವ ಹೆಂಗಸಾದರೂ ಗಂಡನ ಮೇಲೆ ಮುನಿಸಿಕೊಂಡು ತವರಿಗೆ ಹೋದರೆ, ಆ ಮನೆಯವರು ಮೊದಲು ಹುಡುಕಿಕೊಂಡು ಬರುತ್ತಿದ್ದದ್ದು ಮಿಫ್ಲೆಹ್‌ನನ್ನು. ಹಿರಿಯ ಮಗ ಆಯೆದ್‌ನ ಹೆಸರು ಹಿಡಿದು ಊರೆಲ್ಲ ಅವನನ್ನು ಅಬೂ ಆಯೆದ್ ಎಂದೂ ಅವನ ಹೆಂಡತಿ ನಿಜ್ಮೆಯನ್ನು ಉಮ್ಮ್ ಆಯೆದ್ ಎಂದೂ ಕರೆಯುತ್ತಿತ್ತು. ಮೂವತ್ತು ವರ್ಷ ಇರ್ಬಿದ್ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಸ್ಟಿಯರಿಂಗ್ ಬಿಟ್ಟ ಕೈ ಸುಮ್ಮನಿರಬೇಕಲ್ಲ! ಜನರ ಸಂಸಾರಗಳನ್ನು ದಾರಿಗೆ ತರುವ ಕೆಲಸ ಹಿಡಿದ. ಹನ್ನೊಂದು ವರ್ಷದಲ್ಲಿ ನಲವತ್ತೊಂದು ಹೆಂಗಸರನ್ನು ಗಂಡನ ಮನೆಗೆ ಮರಳಿ ಕರೆತಂದಿದ್ದ. ಇದಕ್ಕೆ ಸಂಬಳ ಗಿಂಬಳ ಏನಿಲ್ಲ. ಗಂಟಲಿಗೆ ಕಾಫಿ, ಕಿವಿಗೆ ಹೊಗಳಿಕೆ, ಅಷ್ಟೇ. ಹೊಗಳಿಕೆಯ ರುಚಿ ಹತ್ತಿದವನಿಗೆ ಅದು ಸಾಲದೆ?

ಈ ಕೆಲಸಕ್ಕೆ ಒಬ್ಬನೇ ಹೋಗುವ ಪದ್ಧತಿ ಇಲ್ಲ. ಏಳೆಂಟು ಹಿರಿಯರು ಕೂಡಿ ಹೋಗಬೇಕು, ಅದಕ್ಕೆ ಜಾಹಾ ಅನ್ನುತ್ತಾರೆ. ಹೆಣ್ಣಿನ ಮನೆಯವರು ಕಾಫಿ ಕೊಡುತ್ತಾರೆ. ಜಾಹಾದ ಮುಖಂಡ ಆ ಬಟ್ಟಲನ್ನು ತುಟಿಗೆ ತಾಗಿಸದೆ ಹಾಗೇ ಮುಂದಿಟ್ಟುಬಿಡುತ್ತಾನೆ. ಬಂದ ಕೆಲಸ ಆಗುವವರೆಗೆ ಕುಡಿಯುವುದಿಲ್ಲ ಎಂದು ಅದರ ಅರ್ಥ. ಮನೆಯ ಯಜಮಾನ ‘ಕಾಫಿ ಕುಡೀರಿ, ನೀವು ಬಂದ ಕೆಲಸ ಆಯ್ತು’ ಅಂದ ಮೇಲೆಯೇ ಬಟ್ಟಲು ಎತ್ತುವುದು. ಬಂದವರು ಕಾಫಿ ಕುಡಿಯದೆ ಎದ್ದು ಹೋದರೆ ಆ ಮನೆಗೆ ಮರ್ಯಾದೆ ಉಂಟೆ? ಅಬೂ ಆಯೆದ್ ಇಟ್ಟ ಬಟ್ಟಲು ಒಮ್ಮೆಯೂ ಹಾಗೇ ಉಳಿದಿರಲಿಲ್ಲ.

ಅವನ ಗುಟ್ಟೆಲ್ಲ ಒಂದೇ ಪ್ರಶ್ನೆಯಲ್ಲಿತ್ತು: “ಹೋಗುವಾಗ ಏನು ತಗೊಂಡು ಹೋದ್ಲು?” ಸಿಟ್ಟಿನಲ್ಲಿ ಬಾಯಿ ಏನೇನೋ ಆಡುತ್ತದೆ, ಕೈ ಎತ್ತಿಕೊಂಡದ್ದು ಮಾತ್ರ ನಿಜ ಹೇಳುತ್ತದೆ ಎಂದು ಅವನ ವಾದ. ಕಂಬಳಿ ಒಯ್ದಿದ್ದರೆ ಒಂದು ವಾರ ಬಿಟ್ಟು ಹೋಗಬೇಕು. ಬಂಗಾರ ಒಯ್ದಿದ್ದರೆ ಇವತ್ತೇ ಓಡಬೇಕು. ಒಬ್ಬಳು ಗಂಡನ ಬಲಗಾಲಿನ ಬೂಟುಗಳನ್ನಷ್ಟೇ ಕಟ್ಟಿಕೊಂಡು ಹೋಗಿದ್ದಳು. “ಅವಳಿಗೆ ನೀನು ಕುಂಟ್ಕೊಂಡಾದ್ರೂ ಬರ್ಬೇಕು ಅಂತ ಆಸೆ ಕಣೋ, ಎದ್ದೇಳು,” ಎಂದು ಆ ಗಂಡನನ್ನು ಅವನು ಚಪ್ಪಲಿಯಲ್ಲೇ ಎಳೆದುಕೊಂಡು ಹೋಗಿದ್ದ. ಹಾಗೇ ಆಯಿತು ಕೂಡ. ಗಂಡನ ಕಾಲು ನೋಡಿ ಅವಳು ನಕ್ಕಳು, ಅಲ್ಲಿಗೆ ಮುಗಿಯಿತು.

ಜಾಹಾಕ್ಕೆ ಹೊರಟಾಗ ಹಾಕಿಕೊಳ್ಳಲೆಂದೇ ಅವನ ಹತ್ತಿರ ಒಂದು ನಿಲುವಂಗಿ ಇತ್ತು. ಕಂದು ಬಣ್ಣದ ಒಂಟೆಕೂದಲಿನದು, ಅಂಚಿಗೆ ಜರಿಪಟ್ಟಿ. ಬಾಗಿಲ ಪಕ್ಕದ ಮೊಳೆಯಲ್ಲಿ ಸದಾ ನೇತಾಡುತ್ತಿತ್ತು. ಅದನ್ನು ಹೆಗಲಿಗೇರಿಸಿದರೆ ಬಸ್ ಡ್ರೈವರ್ ಮಿಫ್ಲೆಹ್ ಹೋಗಿ ನ್ಯಾಯಾಧೀಶ ಅಬೂ ಆಯೆದ್ ಬರುತ್ತಿದ್ದ.

ಆ ವರ್ಷ ಆಲಿವ್ ಕೊಯ್ಲಿನ ಮೊದಲ ಎಣ್ಣೆ ಗಾಣದಿಂದ ಬಂದ ದಿನ ನಿಜ್ಮೆ ಮಕ್ಮೂರಾ ಮಾಡಲು ಕೂತಳು. ಹಿಟ್ಟು ಲಟ್ಟಿಸಿ ಹಾಸು, ಅದರ ಮೇಲೆ ಈರುಳ್ಳಿ, ಕೋಳಿ, ಹೊಸ ಎಣ್ಣೆ. ಮತ್ತೆ ಹಿಟ್ಟಿನ ಹಾಸು, ಹೀಗೆ ಐದು ಪದರ. ಬೇಯಲು ಮೂರು ಗಂಟೆ ಬೇಕು. ಬೆಳಿಗ್ಗೆ ಹಿಟ್ಟಿಗೆ ಕೈ ಹಾಕಿದವಳು ಮಧ್ಯಾಹ್ನ ಕೈ ತೊಳೆಯುವ ಅಡುಗೆ ಅದು. ಮಕ್ಕಳೆಲ್ಲ ಮದುವೆಯಾಗಿ ಕೂಗಿದರೆ ಕೇಳುವಷ್ಟು ದೂರದಲ್ಲೇ ಮನೆ ಮಾಡಿದ್ದರು, ಆದರೆ ಆವತ್ತು ಅವಳು ಯಾರನ್ನೂ ಕರೆಯಲಿಲ್ಲ. ಪಾತ್ರೆ ಒಲೆಯಿಂದ ಇಳಿಯುವುದಕ್ಕೂ ಹಾಲಾವಾ ಊರಿನವರು ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ಅಲ್ಲೊಬ್ಬಳು ತವರಿಗೆ ಹೋಗಿದ್ದಳಂತೆ.

“ಉಮ್ಮ್ ಆಯೆದ್, ಮುಚ್ಚಿಡು. ಬಂದು ಬಿಸಿ ಮಾಡ್ಕೊಂಡು ತಿಂತೀನಿ,” ಎಂದು ಮೊಳೆಯಿಂದ ನಿಲುವಂಗಿ ಎಳೆದುಕೊಂಡು ಅವನು ಹೊರಟೇ ಹೋದ.

ತಿರುಗಿ ಬಂದಾಗ ಹೊತ್ತು ಮುಳುಗಿತ್ತು. ಗೆದ್ದು ಬಂದಿದ್ದ, ಅಲ್ಲೇ ಹೊಟ್ಟೆ ಬಿರಿಯ ಉಂಡೂ ಬಂದಿದ್ದ. ಅಂಗಿ ಕಳಚುತ್ತಲೇ ಶುರುಮಾಡಿದ: “ಆ ಹುಡುಗಿ ಒಂದು ಮಾತು ಆಡ್ಲಿಲ್ಲ ಕಣೇ. ಕಣ್ಣು ನೋಡ್ದೆ ನೋಡು, ಎಲ್ಲಾ ಗೊತ್ತಾಗೋಯ್ತು. ಹೆಂಗಸರು ಬಾಯಿಬಿಟ್ಟು ಹೇಳಲ್ಲ. ನಾವೇ ತಿಳ್ಕೋಬೇಕು.”

“ಮಾಷಾ ಅಲ್ಲಾ,” ಅಂದಳು ನಿಜ್ಮೆ. “ಎಲ್ಲಾ ಹೆಣ್ಣುಮಕ್ಕಳಿಗೂ ಇಂಥಾ ಗಂಡನೇ ಸಿಗ್ಲಿ.”

ಅವನು ಅದನ್ನು ಹೊಗಳಿಕೆ ಎಂದೇ ತಿಳಿದ. ನಲವತ್ತೊಂದು ಹೆಂಗಸರ ಮನಸ್ಸು ಓದಿದ ಮಹಾನುಭಾವ, ನೋಡಿ! ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ದೊಡ್ಡವರು ಹೇಳಿದ್ದಾರೆ. ಒಬ್ಬರು ಉಂಡು ಇನ್ನೊಬ್ಬರು ಉಣ್ಣದೆ ಮಲಗಿದರೆ ಅದು ಎಲ್ಲಿಯ ತನಕ ಎಂದು ಅವರು ಹೇಳಿಲ್ಲ.

ಬೆಳಿಗ್ಗೆ ಎದ್ದಾಗ ಮನೆ ಖಾಲಿ. ಪಕ್ಕದ ಮನೆಯಿಂದ ಮಗ ಆಯೆದ್ ಬಂದು ತಲೆ ಕೆರೆದುಕೊಂಡ. “ಅಮ್ಮ ಕುಫ್ರಂಜಾಕ್ಕೆ ಹೋದ್ಲಪ್ಪ, ಮಾವನ ಮನೆಗೆ. ಯಾಕಮ್ಮಾ ಅಂತ ಕೇಳಿದ್ರೆ, ‘ನಿಮ್ಮಪ್ಪನ್ನೇ ಕೇಳು, ಅವನಿಗೆ ಹೇಳ್ದೇನೇ ಎಲ್ಲಾ ಗೊತ್ತಾಗುತ್ತೆ’ ಅಂದ್ಲು.”

ಅಬೂ ಆಯೆದ್‌ನ ಎದೆ ಧಸಕ್ಕೆಂದಿತು. ನಲವತ್ತು ವರ್ಷದ ಸಂಸಾರದಲ್ಲಿ ನಿಜ್ಮೆ ಹೇಳದೆ ಹೊಸ್ತಿಲು ದಾಟಿದವಳಲ್ಲ. ಅವಳು ಬರದೇ ಹೋದರೆ? ಆದರೂ ಕಸುಬು ಬಿಡಲಿಲ್ಲ, ಏನು ಒಯ್ದಿದ್ದಾಳೆ ಎಂದು ಮನೆಯೆಲ್ಲ ಜಾಲಾಡಿದ. ಬಳೆಗಳು ಬೀರುವಿನಲ್ಲಿದ್ದವು. ಸೀಮೆಗಿಲ್ಲದ ಆಸೆಯಿಂದ ಕೊಂಡಿದ್ದ ಹೊಸ ಕಂಬಳಿಯೂ ಇತ್ತು. ಕಿಟಕಿಯ ಹತ್ತಿರ ಕಸೂತಿ ಬಟ್ಟೆ ಮುಚ್ಚಿದ ದೊಡ್ಡ ಹರಿವಾಣವೊಂದಿತ್ತು, ಒಯ್ದ ವಸ್ತು ಹುಡುಕುವವನಿಗೆ ಅದು ಯಾಕೆ ಬೇಕು? ಕೊನೆಗೆ ಕಣ್ಣು ಬಾಗಿಲ ಪಕ್ಕದ ಮೊಳೆಗೆ ಹೋಯಿತು. ನಿಲುವಂಗಿ ಇರಲಿಲ್ಲ.

“ಓಹೋ! ಅಂಗಿ ಇಲ್ದೇ ಜಾಹಾ ಹೆಂಗೆ ತರ್ತಾನೆ ನೋಡೋಣ ಅಂತ ಸವಾಲು ಹಾಕಿದಾಳೆ,” ಎಂದು ತೀರ್ಮಾನಿಸಿದ. ಒಲೆಯ ಮೇಲೆ ಮಕ್ಮೂರಾ ಪಾತ್ರೆ ತುಂಬಾ ಹಾಗೇ ಇತ್ತು, ಒಂದು ಮೂಲೆಯೂ ಮುರಿದಿರಲಿಲ್ಲ. ಅಡುಗೆ ಮಾಡಿಟ್ಟೇ ಹೋಗಿದ್ದಾಳೆ ಅಂದರೆ ಕೋಪ ಅಷ್ಟೇನಿಲ್ಲ ಎಂದು ಸಮಾಧಾನ ಮಾಡಿಕೊಂಡು, ಒಲೆಯ ಮುಂದೆ ನಿಂತೇ ಪಾತ್ರೆಗೆ ಕೈ ಹಾಕಿ ತಿಂದ.

ಮೂರನೆಯ ದಿನ ಕುಫ್ರಂಜಾಕ್ಕೆ ಹೊರಟ ಜಾಹಾವನ್ನು ನೀವು ನೋಡಬೇಕಿತ್ತು. ಇಪ್ಪತ್ಮೂರು ಜನ, ಮೂರು ವ್ಯಾನು! ಇಂಥಲ್ಲಿ ಗಂಡನಾದವನು ಹಿಂದೆ ಬಾಯಿ ಮುಚ್ಚಿಕೊಂಡು ಕೂರಬೇಕು, ಮಾತೆಲ್ಲ ಬೇರೆಯವರದು. ಆದರೆ ಅಬೂ ಆಯೆದ್‌ಗೆ ಬಾಯಿ ತಡೆದೀತೆ? ಮದುಮಗನೇ ಪುರೋಹಿತನಾದ ಹಾಗೆ ಮುಂದೆ ಹೋಗಿ ಕೂತ. ಗೆಳೆಯನೊಬ್ಬನಿಂದ ಎರವಲು ತಂದ ನಿಲುವಂಗಿ ಮೊಣಕಾಲಿಗೇ ನಿಂತಿತ್ತು. ನಿಜ್ಮೆಯ ಅಣ್ಣ ದಿಯಾಬ್ ಕಾಫಿ ಕೊಟ್ಟ. ಅಬೂ ಆಯೆದ್ ಬಟ್ಟಲನ್ನು ಮುಂದಿಟ್ಟು ಗಂಟಲು ಸರಿಮಾಡಿಕೊಂಡ. ಸಂಸಾರ, ಸಹನೆ, ಕ್ಷಮೆ ಎಂದು ಹನ್ನೊಂದು ವರ್ಷದ ಅನುಭವವನ್ನೆಲ್ಲ ಧಾರೆ ಎರೆದ. ಮುದುಕರು ತಲೆದೂಗಿದರು.

“ನನ್ನದೇನೂ ಇಲ್ಲ, ಭಾವ,” ಅಂದ ದಿಯಾಬ್, ನಗು ತಡೆದುಕೊಂಡು. “ಮಾತು ಅವಳದು.” ಹೆಂಡತಿ ಹಮ್ದಾಳನ್ನು ಒಳಗೆ ಕಳಿಸಿದ.

ಹಮ್ದಾ ಹೋದಷ್ಟೇ ಬೇಗ ಬಂದಳು. “ಬಂದೋರಿಗೆಲ್ಲ ಸ್ವಾಗತ, ಊಟ ಮಾಡ್ಕೊಂಡೇ ಹೋಗ್ಬೇಕಂತೆ. ಆಮೇಲೆ, ಭಾಷಣ ಚೆನ್ನಾಗಿತ್ತಂತೆ. ಆದ್ರೆ ಇದು ಯಾರ ಹೆಂಡ್ತಿನ ಕರ್ಕೊಂಡು ಹೋಗೋಕೆ ಬಂದಿರೋ ಜಾಹಾ ಅಂತ ಕೇಳ್ತಿದಾಳೆ.”

ಇಪ್ಪತ್ತೆರಡು ಜನ ಗೊಳ್ಳೆಂದು ನಕ್ಕರು. ಇಪ್ಪತ್ಮೂರನೆಯವನ ಬಟ್ಟಲು ಆರಿ ತಣ್ಣಗಾಯಿತು. ಅದನ್ನು ಹಾಗೇ ಬಿಟ್ಟು ಅವನು ಎದ್ದು ಬಂದ.

ಮನೆಗೆ ಬಂದವನಿಗೆ ಕೂರಲು ಮನಸ್ಸಿಲ್ಲ, ನಿಲ್ಲಲು ತ್ರಾಣವಿಲ್ಲ. ಎರವಲು ಅಂಗಿಯನ್ನು ಕಿಟಕಿಯ ಕಡೆ ಎಸೆದ. ಅದು ಹರಿವಾಣದ ಮೇಲೆ ಬಿದ್ದು, ಕಸೂತಿ ಬಟ್ಟೆಯನ್ನೂ ಎಳೆದುಕೊಂಡು ಕೆಳಗೆ ಜಾರಿತು.

ಹರಿವಾಣದಲ್ಲಿ ಎರಡು ತಟ್ಟೆ, ಎರಡು ಚಮಚ, ಎರಡು ಲೋಟ ಇದ್ದವು. ಬಾಡಿ ಸುರುಟಿದ ಮೂಲಂಗಿ, ಒಂದು ಬಟ್ಟಲು ಆಲಿವ್. ಒಂದು ಕಡೆ ನೆಲದ ಮೇಲೆ ಅವನ ದಿಂಬು. ಮೂವತ್ತು ವರ್ಷದ ಬಸ್ಸು ಕೊಟ್ಟ ಸೊಂಟನೋವಿಗೆಂದು ಅವಳೇ ಹೊಲಿದುಕೊಟ್ಟಿದ್ದ ದಿಂಬು. ಎದುರಿಗೆ ಅವಳ ಚಾಪೆ. ಮೂರು ದಿನದಿಂದ ಎಲ್ಲ ಹಾಗೇ ಕಾಯುತ್ತಾ ಕೂತಿತ್ತು.

‘ಏನು ತಗೊಂಡು ಹೋದ್ಲು’ ಎಂದು ಹನ್ನೊಂದು ವರ್ಷ ಕೇಳಿದ್ದ. ಏನು ಬಿಟ್ಟು ಹೋದಳು ಎಂದು ಒಮ್ಮೆಯೂ ಕೇಳಿರಲಿಲ್ಲ. ‘ಮುಚ್ಚಿಡು’ ಎಂದು ಎಷ್ಟು ಸಲ ಅಂದಿದ್ದೇನೆ ಎಂದು ನೆನಪು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಆ ಮಾತು ಹೇಳುವಾಗ ಅವಳ ಮುಖ ಹೇಗಿರುತ್ತಿತ್ತು ಎಂದು ನೆನೆಯಲು ನೋಡಿದ, ಅದೂ ಆಗಲಿಲ್ಲ, ನೋಡಿದ್ದರೆ ತಾನೆ! ಮನೆಗೆ ಮಾರಿ, ಊರಿಗೆ ಉಪಕಾರಿ. ಅಬೂ ಆಯೆದ್ ದಿಂಬನ್ನು ಎದೆಗೆ ಒತ್ತಿಕೊಂಡು ಕೂತು ಅತ್ತ. ಅತ್ತು ಮುಗಿದ ಮೇಲೆ ಎದ್ದು ಹಿಟ್ಟಿನ ಡಬ್ಬ ಹುಡುಕಿದ.

ಮರುದಿನ ಬೆಳಿಗ್ಗೆ ಸೊಸೆ ಬಂದಾಗ ಅಡುಗೆಮನೆ ಸುಣ್ಣ ಬಳಿದ ಹಾಗಿತ್ತು, ಮಾವನ ಗಡ್ಡವೂ. “ಬಿಡು ಮಾವಾ, ನಾನ್ ಮಾಡ್ಕೊಡ್ತೀನಿ,” ಅಂದಳು. “ಬೇಡ ತಾಯಿ. ನೀನು ಮಾಡಿದ್ರೆ ನೀನೇ ಹೋಗಿ ಕರ್ಕೊಂಡು ಬರ್ಬೇಕಾಗುತ್ತೆ,” ಅಂದ ಅವನು. ಐದು ಪದರ ಆಗಬೇಕಾದದ್ದು ಮೂರೇ ಆಯಿತು. ಹಿಟ್ಟು ಹೆಬ್ಬೆರಳು ದಪ್ಪ. ತಳ ಸೀದಿತ್ತು, ನಡುವೆ ಬೆಂದಿರಲಿಲ್ಲ. ಅದನ್ನೇ ಪಾತ್ರೆ ಸಮೇತ ಬಟ್ಟೆಯಲ್ಲಿ ಸುತ್ತಿ, ಎರಡು ತಟ್ಟೆ ಚೀಲಕ್ಕೆ ಹಾಕಿ, ಹಳೇ ಸ್ವೆಟರ್‌ನಲ್ಲೇ ಕುಫ್ರಂಜಾ ಬಸ್ಸು ಹತ್ತಿದ.

ಬಸ್ಸಿನ ಡ್ರೈವರ್ ಕನ್ನಡಿಯಲ್ಲಿ ನೋಡಿ ಕೆಣಕಿದ: “ಏನು ಅಬೂ ಆಯೆದ್, ಒಬ್ಬನೇ? ಜಾಹಾ ಎಲ್ಲಿ?”

“ತೊಡೆ ಮೇಲಿದೆ. ಉಬ್ಬುಗಳಲ್ಲಿ ನಿಧಾನಕ್ಕೆ ಓಡ್ಸು.”

ದಿಯಾಬ್‌ನ ಮನೆಯ ಮುಂಬಾಗಿಲಿಗೆ ಅವನು ಹೋಗಲಿಲ್ಲ. ಹಿತ್ತಲಿಗೆ ಬಳಸಿ ಹೋದ. ಅಲ್ಲಿ ಆಲಿವ್ ಮರದ ಕೆಳಗೆ ನಿಜ್ಮೆ ಕಾಯಿ ಆರಿಸುತ್ತಿದ್ದಳು. ಉದುರಿದ ಕಾಯಿ ಮಣ್ಣಾಗದಿರಲಿ ಎಂದು ಮರದ ಬುಡಕ್ಕೆ ಬಟ್ಟೆ ಹಾಸಿದ್ದಳು. ಕಂದು ಬಟ್ಟೆ, ಅಂಚಿಗೆ ಜರಿಪಟ್ಟಿ.

ಅವನ ನಿಲುವಂಗಿ! ಮೇಲೆಲ್ಲ ಕಾಯಿಯ ಕಲೆ. ಅಬೂ ಆಯೆದ್‌ನ ಬಾಯಿ ತೆರೆಯಿತು, ಮುಚ್ಚಿತು. ಅದೇ ನಿಲುವಂಗಿಯ ಅಂಚಿನಲ್ಲಿ ಕೂತು ತಟ್ಟೆಗಳನ್ನು ಹೊರತೆಗೆದ.

“ಏನದು?” ಅಂದಳು ನಿಜ್ಮೆ, ತಲೆ ಎತ್ತದೆ.

“ಮಕ್ಮೂರಾ.”

“ಯಾರು ಮಾಡಿದ್ದು?”

“ನೋಡಿದ್ರೆ ಗೊತ್ತಾಗಲ್ವಾ?”

ಅವಳು ನೋಡಿದಳು. ತುಟಿ ಕಚ್ಚಿ ನಗು ನುಂಗಿದಳು. ಒಂದು ತುಂಡು ಮುರಿದು ಬಾಯಿಗಿಟ್ಟಳು. “ಈರುಳ್ಳಿ ಬೆಂದಿಲ್ಲ. ಉಪ್ಪು ಹಾಕಿದ್ಯೋ ಇಲ್ವೋ?”

“ನಿಜ್ಮೆ,” ಅಂದ ಅವನು. ಮಗ ಹುಟ್ಟಿದ ಮೇಲೆ ಅವಳನ್ನು ಹೆಸರು ಹಿಡಿದು ಕರೆದದ್ದು ಅಪರೂಪ. “ಆ ಹರಿವಾಣ ನಾನು ನೋಡೇ ಇರ್ಲಿಲ್ಲ. ನಿನ್ನೆ ನೋಡ್ದೆ. ತಪ್ಪಾಯ್ತು ಕಣೇ. ಯಾವತ್ತಿಂದ ಕೋಪ ನಿಂಗೆ?”

“ಹನ್ನೊಂದು ವರ್ಷ ಆಯ್ತು ನಾನು ಮುನಿಸ್ಕೊಂಡು. ಮನೆ ಬಿಟ್ಟು ಹೋಗ್ಲಿಲ್ಲ ನೋಡು, ಅದಕ್ಕೆ ಯಾರಿಗೂ ಗೊತ್ತಾಗ್ಲಿಲ್ಲ,” ಅಂದಳು ನಿಜ್ಮೆ. “ಬಸ್ಸು ಬಿಟ್ಟ ಮೇಲಾದ್ರೂ ಎದುರಿಗೆ ಕೂತು ಉಣ್ತೀಯ ಅಂತ ಕಾದಿದ್ದೆ. ಊರೋರ ಹೆಂಡ್ತಿಯರನ್ನೆಲ್ಲಾ ಕರ್ಕೊಂಡು ಬಂದೆ. ನನ್ನ ಕರಿಯೋಕೆ ಯಾರು ಬರ್ಬೇಕಿತ್ತು?”

ಅವನು ತನ್ನ ತಟ್ಟೆಗೆ ಬಡಿಸಿಕೊಂಡು, ಅಭ್ಯಾಸಬಲದಿಂದ ಅದನ್ನು ಮುಂದಿಟ್ಟು ಕೈಕಟ್ಟಿ ಕೂತ. “ನೀನು ಬರ್ತೀನಿ ಅನ್ನೋ ತನಕ ನಾನು ಮುಟ್ಟಲ್ಲ.”

“ಆ ನಾಟಕ ಎಲ್ಲಾ ಊರೋರ ಹತ್ರ ಇಟ್ಕೋ,” ಅಂದಳು ನಿಜ್ಮೆ. ಆದರೆ ತನ್ನ ತಟ್ಟೆಯನ್ನು ಅವನ ಎದುರಿಗೆ ಎಳೆದುಕೊಂಡು ಕೂತಳು.

ಅಷ್ಟರಲ್ಲಿ ಅವನ ಮೊಬೈಲು ಬಾಯಿ ಮಾಡಿತು. ಯಾವುದೋ ಊರಿನವರು. ಯಾರೋ ತವರಿಗೆ ಹೋಗಿದ್ದಾಳಂತೆ, ಜಾಹಾ ಹೊರಟು ನಿಂತಿದೆಯಂತೆ, ಅಬೂ ಆಯೆದ್ ಬರದೆ ಆಗುವುದೇ ಇಲ್ಲವಂತೆ. ನಿಜ್ಮೆಯ ಕೈ ತಟ್ಟೆಯಲ್ಲೇ ನಿಂತಿತು. ಅವಳು ಅವನ ಮುಖ ನೋಡಲಿಲ್ಲ, ಮರದ ಬುಡದಲ್ಲಿ ಹಾಸಿದ್ದ ಅಂಗಿಯನ್ನು ನೋಡುತ್ತಿದ್ದಳು. ಈ ಸಲ ಅವನು ಅವಳ ಮುಖ ನೋಡಿದ.

“ಆಗಲ್ಲಪ್ಪಾ,” ಅಂದ ಫೋನಿಗೆ. “ಊಟಕ್ಕೆ ಕೂತಿದೀನಿ. ಊಟ ಆದ್ಮೇಲೆ ಕಾಯಿ ಆರಿಸ್ಬೇಕು. ನಾಳೆನೂ ಊಟ ಇದೆ.” ಇಡಲು ಹೋದವನು ತಡೆದ. “ಒಂದು ಮಾತು. ಆ ಗಂಡಂಗೆ ಹೇಳು, ಅವಳು ಏನು ಬಿಟ್ಟು ಹೋಗಿದಾಳೆ ಅಂತ ಮನೆಯೆಲ್ಲಾ ಸರಿಯಾಗಿ ನೋಡ್ಲಿ. ಮುಚ್ಚಿಟ್ಟಿರೋದನ್ನೆಲ್ಲಾ ತೆಗೆದು ನೋಡ್ಲಿ. ಆಮೇಲೆ ಅವನೊಬ್ಬನೇ ಹೋಗ್ಲಿ.”

ಫೋನು ಆಫ್ ಮಾಡಿ ಸ್ವೆಟರ್ ಜೇಬಿಗೆ ಹಾಕಿದ. ನಿಜ್ಮೆ ಮುಂಗೈಯಿಂದ ಕಣ್ಣೊರೆಸಿಕೊಂಡು, ಪಾತ್ರೆಯಲ್ಲಿ ಸೀಯದೆ ಉಳಿದಿದ್ದ ಒಂದೇ ಒಂದು ತುಂಡನ್ನು ಹುಡುಕಿ ಅವನ ತಟ್ಟೆಗೆ ಹಾಕಿದಳು.

“ತಿನ್ನು ಮಾರಾಯ, ಆರಿಹೋಗುತ್ತೆ,” ಅಂದಳು. “ಸಾಯಂಕಾಲದ ಬಸ್ಸಿಗೆ ಹೋಗೋಣ.”

ಅಬೂ ಆಯೆದ್ ತಟ್ಟೆ ಎತ್ತಿಕೊಂಡು, ಬೇಯದ ಈರುಳ್ಳಿಯನ್ನೂ ಬಿಡದೆ ತಿಂದ.